ಇಬ್ಬರೇ ನುಡಿಸುವ ವುಡ್‌ವಿಂಡ್ ಕೃತಿ ಕೂಡಿ ಬರುತ್ತಿಲ್ಲವೇ? ತೊಂದರೆ ಹುಡುಕುವ ಬಗೆ

ಎರಡು ವುಡ್‌ವಿಂಡ್ ವಾದ್ಯಗಳಿಗೆ, ಅಂದರೆ ಫ್ಲೂಟ್, ಓಬೋ, ಕ್ಲಾರಿನೆಟ್‌ನಂಥ ಊದುವ ವಾದ್ಯಗಳಿಗೆ, ನಾಲ್ಕೈದು ನಿಮಿಷದ ಹೊಸ ಕೃತಿ ಬರೆಯುವುದು ಸಣ್ಣ ಕೆಲಸದ ಹಾಗೆ ಕಾಣುತ್ತದೆ. ಇರುವುದು ಎರಡೇ ಸಾಲು. ಆದರೆ ಪಿಯಾನೊ ಇಲ್ಲ, ತಂತಿವಾದ್ಯಗಳ ಆಸರೆ ಇಲ್ಲ, ಕೈಬೀಸಿ ತಾಳ ತೋರಿಸುವವರೂ ಇಲ್ಲ. ಒಂದು ಕಡೆ ಸಡಿಲವಾದರೆ ಅದು ನೇರವಾಗಿ ಕಿವಿಗೆ ಬೀಳುತ್ತದೆ. ಆಗ ಬರೆದವರು ಮಾಡುವ ಮೊದಲ ಕೆಲಸ ಸ್ವರಗಳನ್ನು ಅಳಿಸುವುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಇಂಥ ಕೃತಿಗಳಲ್ಲಿ ತೊಂದರೆ ಸ್ವರದಲ್ಲಿರುವುದು ಕಡಿಮೆ. ಅದು ಯಾವ ಸ್ಥಾಯಿಯಲ್ಲಿದೆ, ಯಾವ ವಾದ್ಯ ಅದನ್ನು ನುಡಿಸುತ್ತಿದೆ, ಅಲ್ಲಿಗೆ ಬರುವಾಗ ಉಸಿರು ಎಷ್ಟು ಉಳಿದಿದೆ ಎನ್ನುವುದರಲ್ಲೇ ಜಾಸ್ತಿ ಇರುತ್ತದೆ. ಈ ಮೂರನ್ನು ಬದಲಿಸಿ ನೋಡುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸ್ವರ ಬದಲಿಸಿದರೆ ಮಾತ್ರ ಇಡೀ ಕೃತಿ ಅಲುಗಾಡುತ್ತದೆ.

ಬೇಕಾಗುವುದು ಇಷ್ಟೇ: ಮುದ್ರಿಸಿದ ಸ್ಕೋರ್ (ಇಬ್ಬರ ಸಾಲನ್ನೂ ಒಟ್ಟಿಗೆ ಬರೆದ ಪ್ರತಿ), ಪೆನ್ಸಿಲ್, ಬೀಟ್ ಎಣಿಸುವ ಮೆಟ್ರೊನೋಮ್, ಶ್ರುತಿ ಅಳೆಯುವ ಟ್ಯೂನರ್, ಧ್ವನಿ ದಾಖಲಿಸಲು ಫೋನ್. ಫೋನನ್ನು ವಾದಕರ ಪಕ್ಕದಲ್ಲಿ ಇಡಬೇಡಿ. ಕೇಳುಗರು ಕೂರುವ ಜಾಗದಲ್ಲಿ ಇಡಿ.

ಲಕ್ಷಣ: ಸ್ವರಗಳೆಲ್ಲ ಸರಿ ಇವೆ, ಆದರೂ ಮೊದಲ ಬಾರ್‌ನಿಂದಲೇ ಅಪಸ್ವರ

(ಬಾರ್ ಎಂದರೆ ಸಾಲನ್ನು ಬೀಟ್‌ಗಳ ಎಣಿಕೆಯಲ್ಲಿ ಕತ್ತರಿಸಿದ ಒಂದು ತುಂಡು.) ಇದು ಎಲ್ಲಕ್ಕಿಂತ ಸುಲಭದ ತೊಂದರೆ. ಅದಕ್ಕೇ ಇದನ್ನು ಮೊದಲು ನೋಡಿ. ಕ್ಲಾರಿನೆಟ್ ಬರೆದ ಸ್ವರವನ್ನೇ ನುಡಿಯುವ ವಾದ್ಯವಲ್ಲ. ಬಿ ಫ್ಲಾಟ್ ಕ್ಲಾರಿನೆಟ್‌ನವರು ಸಿ ಎಂದು ಓದಿದರೆ ಕೇಳಿಸುವುದು ಬಿ ಫ್ಲಾಟ್ (ಬಿ ಗಿಂತ ಅರ್ಧ ಸ್ವರ ಕೆಳಗೆ). ನೀವು ಸ್ಕೋರನ್ನು ಕೇಳಿಸುವ ಶ್ರುತಿಯಲ್ಲೇ ಬರೆದು, ಅದರ ಪ್ರತಿಯನ್ನು ಹಾಗೆಯೇ ಕೊಟ್ಟಿದ್ದರೆ ಅವರ ಸಾಲು ಪೂರ್ತಿ ಒಂದು ಸ್ವರ ಕೆಳಗೆ ಬರುತ್ತದೆ. ಹೊಸ ಕಾಲದ ಸಂಗೀತದಲ್ಲಿ ಸ್ವರಗಳ ತಿಕ್ಕಾಟ ಹೇಗೂ ಇರುತ್ತದೆ. ಹಾಗಾಗಿ ಇದು ತಪ್ಪು ಎಂದು ವಾದಕರಿಗೆ ಹೊಳೆಯದೇ ಹೋಗಬಹುದು. 'ಇದು ಹೀಗೇ ಇರಬೇಕೇನೋ' ಎಂದುಕೊಂಡು ನುಡಿಸುತ್ತಾ ಹೋಗುತ್ತಾರೆ.

ಪರೀಕ್ಷೆ ಹೀಗೆ ಮಾಡಿ. ಫ್ಲೂಟ್ ಅಥವಾ ಓಬೋದವರು ಸಿ ನುಡಿಸಲಿ. ಅದಕ್ಕೆ ಹೊಂದಲು ಬಿ ಫ್ಲಾಟ್ ಕ್ಲಾರಿನೆಟ್‌ಗೆ ಡಿ ಬರೆದಿರಬೇಕು. ಎ ಕ್ಲಾರಿನೆಟ್‌ಗೆ ಇ ಫ್ಲಾಟ್, ಆಲ್ಟೊ ಫ್ಲೂಟ್‌ಗೆ ಎಫ್, ಓಬೋದ ದೊಡ್ಡ ರೂಪವಾದ ಕೋರ್ ಆಂಗ್ಲೇಗೆ ಜಿ. ಬಾಸ್ ಕ್ಲಾರಿನೆಟ್‌ಗೆ ಟ್ರೆಬಲ್ ಕ್ಲೆಫ್‌ನಲ್ಲಿ (ಕ್ಲೆಫ್ ಎಂದರೆ ಸಾಲಿನ ಆರಂಭದಲ್ಲಿ ಸ್ವರಗಳ ಎತ್ತರ ತೋರಿಸುವ ಚಿಹ್ನೆ) ಬರೆದಿದ್ದರೆ ಕೇಳಿಸುವುದು ಒಂದು ಸ್ಥಾಯಿ ಮತ್ತು ಒಂದು ಸ್ವರ ಕೆಳಗೆ. ಬಾಸ್ ಕ್ಲೆಫ್‌ನಲ್ಲಿ ಬರೆಯುವ ಪದ್ಧತಿಯೂ ಇದೆ, ಅಲ್ಲಿ ಅಂತರ ಬರೀ ಒಂದು ಸ್ವರ. ಯಾವುದನ್ನು ಬಳಸಿದ್ದೀರಿ ಎಂದು ಮೊದಲ ಪುಟದಲ್ಲೇ ಬರೆಯಿರಿ.

ಎರಡೂ ಕ್ಲಾರಿನೆಟ್ ಆದರೆ ಈ ಚಿಂತೆ ಇಲ್ಲ ಎಂದುಕೊಳ್ಳಬೇಡಿ. ಫ್ರಾನ್ಸ್‌ನ ಸಂಗೀತ ರಚನಕಾರ ಪೂಲೆಂಕ್ 1918ರಲ್ಲಿ ಎರಡು ಕ್ಲಾರಿನೆಟ್‌ಗೆ ಬರೆದ ಸೊನಾಟಾದಲ್ಲಿ ಒಂದು ಬಿ ಫ್ಲಾಟ್, ಇನ್ನೊಂದು ಎ. ಒಂದೇ ಮನೆತನದ ವಾದ್ಯಗಳು, ಆದರೂ ಓದುವ ಸ್ವರ ಬೇರೆ ಬೇರೆ.

ಇಡೀ ಸಾಲು ಸರಿಯಿದ್ದು ಅಲ್ಲಲ್ಲಿ ಮಾತ್ರ ತಪ್ಪು ಬರುತ್ತಿದ್ದರೆ ಸ್ವರವನ್ನು ಅರ್ಧ ಏರಿಸುವ ಶಾರ್ಪ್, ಅರ್ಧ ಇಳಿಸುವ ಫ್ಲಾಟ್ ಗುರುತುಗಳನ್ನು ನೋಡಿ. ಒಂದು ಗುರುತು ಅದೇ ಬಾರ್‌ನಲ್ಲಿ, ಅದೇ ಸ್ಥಾಯಿಗೆ ಮಾತ್ರ ಅನ್ವಯಿಸುತ್ತದೆ ಎನ್ನುವುದು ಸಾಮಾನ್ಯ ನಿಯಮ. ಆದರೆ ಆಧಾರ ಸ್ವರವೇ ಇಲ್ಲದ ಸಂಗೀತದಲ್ಲಿ ವಾದಕರು ಆತಂಕದಲ್ಲೇ ಓದುತ್ತಿರುತ್ತಾರೆ. ಸಂದೇಹ ಬರುವ ಕಡೆ, ಶಾರ್ಪ್ ಫ್ಲಾಟ್‌ಗಳನ್ನು ರದ್ದು ಮಾಡುವ ನ್ಯಾಚುರಲ್ ಗುರುತನ್ನು ಇನ್ನೊಮ್ಮೆ ಹಾಕಿ, ನಷ್ಟವೇನೂ ಇಲ್ಲ.

ಲಕ್ಷಣ: ಕಂಪ್ಯೂಟರ್‌ನಲ್ಲಿ ಚೆನ್ನಾಗಿತ್ತು, ರಿಹರ್ಸಲ್‌ನಲ್ಲಿ ಒಬ್ಬರು ಕೇಳಿಸುತ್ತಲೇ ಇಲ್ಲ

ನೋಟೇಷನ್ ಸಾಫ್ಟ್‌ವೇರ್ ಎಲ್ಲ ಸ್ಥಾಯಿಗೂ ಹೆಚ್ಚುಕಡಿಮೆ ಒಂದೇ ಬಲ ಕೊಡುತ್ತದೆ. ನಿಜವಾದ ವಾದ್ಯ ಹಾಗಲ್ಲ. ಪ್ರತಿ ವಾದ್ಯಕ್ಕೂ ತಾನು ಗಟ್ಟಿಯಾಗಿ ಮಾತಾಡುವ ಜಾಗ, ಪಿಸುಗುಟ್ಟುವ ಜಾಗ ಎಂದು ಇರುತ್ತದೆ.

ಫ್ಲೂಟ್‌ನ ಅತಿ ಕೆಳಗಿನ ಸ್ವರಗಳು, ಮಿಡಲ್ ಸಿ (ಪಿಯಾನೊದ ನಡುವಿನ ಸಿ) ಇಂದ ಮೇಲಿನ ಐದಾರು ಸ್ವರ, ಮೆತ್ತಗೆ, ಗಾಳಿ ಬೆರೆತ ಹಾಗೆ ಕೇಳಿಸುತ್ತವೆ. ಅಲ್ಲಿ ಫೋರ್ಟೆ (ಜೋರು) ಎಂದು ಬರೆದರೂ ಅದು ಇನ್ನೊಂದು ವಾದ್ಯದ ಮೆಝೋ ಪಿಯಾನೊ (ಸ್ವಲ್ಪ ಮೆಲ್ಲಗೆ) ಅಷ್ಟೇ. ಮೇಲಕ್ಕೆ ಹೋದ ಹಾಗೆ ಫ್ಲೂಟ್ ಹೊಳೆಯುತ್ತದೆ. ಮೂರನೇ ಸ್ಥಾಯಿಯಲ್ಲಿ ಸಣ್ಣಗೆ ನುಡಿಸುವುದೇ ಕಷ್ಟ. ಓಬೋ ಇದಕ್ಕೆ ತಲೆಕೆಳಗು. ಕೆಳಗಿನ ಬಿ ಫ್ಲಾಟ್‌ನಿಂದ ಡಿ ತನಕದ ಸ್ವರಗಳು ದಪ್ಪ, ಒರಟು. ಅಲ್ಲಿ ಪಿಯಾನಿಸಿಮೊ (ಅತಿ ಮೆಲ್ಲಗೆ) ಕೇಳಿದರೆ ಸ್ವರ ಹೊರಡದೇ ಹೋಗಬಹುದು ಅಥವಾ ಒಮ್ಮೆಲೇ ಸಿಡಿಯಬಹುದು. ಮೇಲೆ ಹೋದಷ್ಟೂ ಓಬೋ ತೆಳ್ಳಗಾಗುತ್ತದೆ. ಕ್ಲಾರಿನೆಟ್ ಈ ವಿಷಯದಲ್ಲಿ ಉದಾರಿ. ಕೆಳಗೂ ಮಧ್ಯದಲ್ಲೂ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣ ದನಿಯಿಂದ ಹುಟ್ಟಿ ಬೆಳೆಯಬಲ್ಲದು. ಆದರೆ ಅದಕ್ಕೂ ಒಂದು ಮಂಕಾದ ಜಾಗವಿದೆ. ಬಿ ಫ್ಲಾಟ್ ಕ್ಲಾರಿನೆಟ್‌ನಲ್ಲಿ ಬರಹದ ಜಿ ಇಂದ ಬಿ ಫ್ಲಾಟ್ ತನಕ, ಅಂದರೆ ಮಿಡಲ್ ಸಿ ಮೇಲೆ ಕೇಳಿಸುವ ಎಫ್ ಇಂದ ಎ ಫ್ಲಾಟ್ ತನಕ, ದನಿ ಪೇಲವವಾಗಿರುತ್ತದೆ.

ಈಗ ಕೇಳಿಸದ ಜಾಗವನ್ನು ಸ್ಕೋರ್‌ನಲ್ಲಿ ಹುಡುಕಿ. ಸಾಮಾನ್ಯವಾಗಿ ಸಿಗುವುದು ಈ ಚಿತ್ರ: ಫ್ಲೂಟ್ ಕೆಳಗೆ ಮುಖ್ಯ ಸಾಲು ನುಡಿಸುತ್ತಿದೆ, ಕ್ಲಾರಿನೆಟ್ ಅದರ ಮೇಲೆ ಕೂತಿದೆ. ಮೊದಲು ದನಿಯ ಗುರುತು ಬದಲಿಸಿ. ಕ್ಲಾರಿನೆಟ್ ಜೋರಿನಲ್ಲಿ ಎರಡು ಮೆಟ್ಟಿಲು ಇಳಿಯಲಿ, ಫ್ಲೂಟ್ ಇದ್ದಲ್ಲೇ ಇರಲಿ. ಸಾಲದೇ ಹೋದರೆ ಫ್ಲೂಟನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತಿ. ಅದೂ ಹಿಡಿಸದಿದ್ದರೆ ಎರಡು ಸಾಲುಗಳನ್ನು ಅದಲುಬದಲು ಮಾಡಿ ನುಡಿಸಲು ಹೇಳಿ. ಈ ಕೊನೆಯ ಪರೀಕ್ಷೆ ನನಗೆ ತುಂಬಾ ಇಷ್ಟ. ಕೆಲವೊಮ್ಮೆ ಕೃತಿಗೆ ತನ್ನ ನಿಜವಾದ ಬಣ್ಣ ಸಿಗುವುದೇ ಇಲ್ಲಿ.

ಇನ್ನೊಂದು ದಾರಿ ಸಾಲನ್ನು ತೆಳುಗೊಳಿಸುವುದು. ಒಬ್ಬರು ಮಂದ್ರದಲ್ಲಿ ಮಾತಾಡುವಾಗ ಇನ್ನೊಬ್ಬರು ಸುಮ್ನೆ ಇರಬಹುದು, ಅಲ್ವಾ? ಇಬ್ಬರಿದ್ದಾರೆ ಎಂದ ಮಾತ್ರಕ್ಕೆ ಇಬ್ಬರೂ ಸದಾ ನುಡಿಸಬೇಕಾಗಿಲ್ಲ.

ಲಕ್ಷಣ: ಸಾಲಿನ ಕೊನೆ ಸೊರಗುತ್ತದೆ, ನಡುವೆ ತೂತು ಬೀಳುತ್ತದೆ

ವಾದಕರು ಚೆನ್ನಾಗಿದ್ದಾರೆ, ಬೆರಳು ಸಲೀಸಾಗಿದೆ, ಆದರೂ ಪ್ರತಿ ವಾಕ್ಯದ ಕೊನೆಯ ಸ್ವರ ಚಿಕ್ಕದಾಗಿ ಮುಗಿಯುತ್ತದೆ. ಅಥವಾ ಇಬ್ಬರೂ ಒಟ್ಟಿಗೆ ನಿಂತು ಸಂಗೀತವೇ ಕಡಿದುಹೋಗುತ್ತದೆ. ಇದು ಉಸಿರಿನ ಲೆಕ್ಕ ತಪ್ಪಿದ ಗುರುತು.

ನೀವೇ ಪರೀಕ್ಷಿಸಬಹುದು. ಮೆಟ್ರೊನೋಮ್ ಹಾಕಿ, ಆ ಸಾಲನ್ನು ಬಾಯಲ್ಲಿ ಹಾಡಿ. ಉಸಿರು ಎಲ್ಲಿ ಬೇಕೆನಿಸುತ್ತದೋ ಅಲ್ಲಿ ಗೀಟು ಹಾಕಿ. ಬರೀ ಗುಣಾಕಾರವೂ ಸಾಕು. ನಿಮಿಷಕ್ಕೆ 60 ಬೀಟ್ ವೇಗದಲ್ಲಿ, ನಾಲ್ಕು ಬೀಟ್‌ನ ಮೂರು ಬಾರ್ ಎಂದರೆ 12 ಸೆಕೆಂಡ್. ಫ್ಲೂಟ್ ಕೆಳಗಿನ ಸ್ಥಾಯಿಯಲ್ಲಿ ಜೋರಾಗಿ ನುಡಿಸುವಾಗ ಗಾಳಿ ಬೇಗ ಖಾಲಿಯಾಗುತ್ತದೆ. ಅಲ್ಲಿ 12 ಸೆಕೆಂಡ್ ದೊಡ್ಡ ಬೇಡಿಕೆ. ಅದೇ ಸಾಲನ್ನು ಕ್ಲಾರಿನೆಟ್ ಸಣ್ಣ ದನಿಯಲ್ಲಿ ಸಲೀಸಾಗಿ ದಾಟಿಸುತ್ತದೆ.

ಓಬೋದ ಸಮಸ್ಯೆಯೇ ಬೇರೆ. ಅದರ ರೀಡ್‌ನ (ತುಟಿಯ ನಡುವೆ ಕಂಪಿಸುವ ತೆಳು ಪಟ್ಟಿಯ) ಕಿಂಡಿ ತೀರಾ ಚಿಕ್ಕದು. ಗಾಳಿ ಖರ್ಚಾಗುವುದು ಬಹಳ ಕಡಿಮೆ. ಒಂದೇ ಉಸಿರಿನಲ್ಲಿ ಉದ್ದ ಸಾಲು ನುಡಿಸಬಹುದು. ಆದರೆ ಬಳಸಿದ ಗಾಳಿ ಎದೆಯಲ್ಲೇ ಉಳಿಯುತ್ತದೆ. ಓಬೋದವರು ಮೊದಲು ಉಸಿರು ಬಿಡಬೇಕು, ಆಮೇಲೆ ಎಳೆದುಕೊಳ್ಳಬೇಕು. ಒಂದು ಚಿಕ್ಕ ವಿರಾಮ ಇದಕ್ಕೆ ಸಾಲದು. ಓಬೋ ಸಾಲಿನಲ್ಲಿ ಬಾಯಿಂದ ವಾದ್ಯ ತೆಗೆಯುವಷ್ಟು ಬಿಡುವು ಆಗಾಗ ಬರಬೇಕು. ತುಟಿಗೂ ಅದು ಬೇಕು.

ತೂತು ಬೀಳುವುದಕ್ಕೆ ಕಾರಣ ಸರಳ. ನೀವು ಇಬ್ಬರಿಗೂ ಒಂದೇ ಜಾಗದಲ್ಲಿ ವಾಕ್ಯ ಮುಗಿಸಿದ್ದೀರಿ. ಒಬ್ಬರ ವಾಕ್ಯವನ್ನು ಒಂದೆರಡು ಬೀಟ್ ಮುಂದಕ್ಕೆ ಎಳೆಯಿರಿ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಸ್ವರ ಹಿಡಿದಿರಲಿ. ಇಷ್ಟು ಮಾಡಿದರೆ ಸಾಕು, ಎರಡು ವಾದ್ಯಗಳಿಂದ ಕೊನೆಯೇ ಇಲ್ಲದ ಒಂದು ಎಳೆ ಹುಟ್ಟುತ್ತದೆ. ಹಾಗೆಯೇ, ಇಬ್ಬರೂ ಒಟ್ಟಿಗೆ ಉಸಿರೆಳೆಯುವ ಮೌನ ನಿಮಗೆ ಬೇಕೆಂದೇ ಇದ್ದರೆ ಅದನ್ನು ವಿರಾಮ ಚಿಹ್ನೆಯಿಂದ ಸ್ಪಷ್ಟವಾಗಿ ಬರೆಯಿರಿ. ಬರೆದ ಮೌನಕ್ಕೂ ಉಸಿರು ಕಟ್ಟಿ ಬಂದ ಮೌನಕ್ಕೂ ವ್ಯತ್ಯಾಸ ಕೇಳುಗರಿಗೆ ಗೊತ್ತಾಗುತ್ತದೆ.

ಬಾಯಿಂದ ಗಾಳಿ ಬಿಡುತ್ತಲೇ ಮೂಗಿನಿಂದ ಉಸಿರೆಳೆಯುವ ವಿದ್ಯೆ ಇದೆ. ಆದರೆ ಅದು ಎಲ್ಲ ವಾದಕರಿಗೂ ಬರುವುದಿಲ್ಲ. ಫ್ಲೂಟ್‌ನಲ್ಲಂತೂ ರೀಡ್ ವಾದ್ಯಗಳಿಗಿಂತ ಕಷ್ಟ. ಅದನ್ನೇ ನಂಬಿ ಸಾಲು ಬರೆಯಬೇಡಿ. ನುಡಿಸುವವರನ್ನು ಮೊದಲು ಕೇಳಿ.

ಲಕ್ಷಣ: ಒಂದೇ ಸ್ವರಕ್ಕೆ ಬಂದಾಗ ದನಿ ನಡುಗುತ್ತದೆ

ಎರಡು ಸಾಲು ಹತ್ತಿರ ಬಂದು ಒಂದೇ ಸ್ವರದಲ್ಲಿ ಸೇರುವುದು ಇಂಥ ಕೃತಿಯ ಸುಂದರ ಗಳಿಗೆ. ಅಲ್ಲಿಯೇ 'ವ್ವ ವ್ವ ವ್ವ' ಎಂದು ಅಲೆ ಕೇಳಿಸಿದರೆ ಶ್ರುತಿ ಬೇರೆಯಾಗಿದೆ ಎಂದರ್ಥ. ಒಬ್ಬರು 440 ಹರ್ಟ್ಸ್, ಇನ್ನೊಬ್ಬರು 442 ಹರ್ಟ್ಸ್ ನುಡಿಸಿದರೆ ಸೆಕೆಂಡಿಗೆ ಎರಡು ಅಲೆ ಬರುತ್ತವೆ. ಅಲೆ ನಿಧಾನವಾದಷ್ಟೂ ಶ್ರುತಿ ಹತ್ತಿರ ಬರುತ್ತಿದೆ.

ಮೊದಲ ಪರೀಕ್ಷೆ: ವಾದ್ಯಗಳು ಬೆಚ್ಚಗಾಗಿವೆಯೇ? ತಣ್ಣಗಿನ ವಾದ್ಯದ ಶ್ರುತಿ ಕೆಳಗಿರುತ್ತದೆ, ನುಡಿಸುತ್ತಾ ಏರುತ್ತದೆ. ಕಾಲು ಗಂಟೆ ನುಡಿಸಿದ ಮೇಲೆ ಟ್ಯೂನ್ ಮಾಡಿ ಮತ್ತೆ ನೋಡಿ. ಅಲೆ ಹೋದರೆ ನಿಮ್ಮ ಬರಹದಲ್ಲಿ ತಪ್ಪಿಲ್ಲ.

ಎರಡನೆಯದು ದನಿಯ ಏರಿಳಿತ. ಇದನ್ನು ತಿಳಿಯದೆ ಬರೆದರೆ ಎಷ್ಟು ಒಳ್ಳೆಯ ವಾದಕರಿದ್ದರೂ ಕಷ್ಟಪಡುತ್ತಾರೆ. ಫ್ಲೂಟ್ ಜೋರಾಗಿ ನುಡಿಸಿದರೆ ಶ್ರುತಿ ಏರುವ ಸ್ವಭಾವ, ಸಣ್ಣಗಾದರೆ ಇಳಿಯುವ ಸ್ವಭಾವ. ಕ್ಲಾರಿನೆಟ್ ಇದಕ್ಕೆ ಉಲ್ಟಾ: ಜೋರಾದರೆ ಇಳಿಯುತ್ತದೆ, ಸಣ್ಣಗಾದರೆ ಏರುತ್ತದೆ. ಈಗ ನಿಮ್ಮ ಕೃತಿಯ ಕೊನೆಯಲ್ಲಿ ಇಬ್ಬರೂ ಒಂದೇ ಸ್ವರ ಹಿಡಿದು ನಿಧಾನವಾಗಿ ಕರಗಿಹೋಗಬೇಕು ಎಂದು ಬರೆದಿದ್ದೀರಿ ಎನ್ನಿ. ಕರಗುತ್ತಾ ಹೋದಂತೆ ಒಬ್ಬರು ಕೆಳಕ್ಕೆ ಜಾರುತ್ತಾರೆ, ಇನ್ನೊಬ್ಬರು ಮೇಲಕ್ಕೆ. ಇಬ್ಬರೂ ತುಟಿಯಿಂದ ಅದನ್ನು ತಿದ್ದುತ್ತಲೇ ಇರಬೇಕು. ಪರಿಹಾರ ಸುಲಭ. ಫ್ಲೂಟ್ ಮೊದಲೇ ಬಿಟ್ಟುಬಿಡಲಿ, ಕ್ಲಾರಿನೆಟ್ ಒಂದೇ ಕರಗಲಿ. ಇಲ್ಲವೇ ಇಬ್ಬರ ನಡುವೆ ಒಂದು ಸ್ಥಾಯಿಯ ಅಂತರ ಇಡಿ. ಆಗ ಸಣ್ಣ ವ್ಯತ್ಯಾಸ ಅಷ್ಟು ಚುಚ್ಚುವುದಿಲ್ಲ.

ಕೆಲವೊಮ್ಮೆ ನಡುಗುವುದಲ್ಲ, ಯಾರೂ ನುಡಿಸದ ಮೂರನೆಯ ಸ್ವರವೊಂದು ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಎರಡು ಫ್ಲೂಟ್‌ಗಳು ಮೇಲಿನ ಸ್ಥಾಯಿಯಲ್ಲಿ ಹತ್ತಿರ ಹತ್ತಿರ ನುಡಿಸುವಾಗ ಇದು ಎದ್ದು ಕೇಳಿಸುತ್ತದೆ. ಎರಡು ಕಂಪನಗಳ ವ್ಯತ್ಯಾಸವೇ ಆ ಸ್ವರ. 880 ಹರ್ಟ್ಸ್‌ನ ಎ ಜೊತೆ ಅದರ ಮೇಲಿನ ಬಿ, ಅಂದರೆ ಸುಮಾರು 988 ಹರ್ಟ್ಸ್, ಸೇರಿದರೆ 108 ಹರ್ಟ್ಸ್‌ನ ಗೊಗ್ಗರು ದನಿ ಹುಟ್ಟುತ್ತದೆ. ಇದು ವಾದ್ಯದ ದೋಷವಲ್ಲ. ಇಟಲಿಯ ಪಿಟೀಲು ವಾದಕ ಜುಸೆಪ್ಪೆ ತಾರ್ತೀನಿ 18ನೇ ಶತಮಾನದಲ್ಲೇ ಇದನ್ನು ಗಮನಿಸಿ ಶ್ರುತಿ ನೋಡಿಕೊಳ್ಳಲು ಬಳಸಿದ್ದರು. ನಿಮಗೆ ಬೇಡವಾದರೆ ಒಬ್ಬರನ್ನು ಒಂದು ಸ್ಥಾಯಿ ಕೆಳಗಿಳಿಸಿ. ಬೇಕೆನಿಸಿದರೆ ಅದನ್ನೇ ಕೃತಿಯ ವಸ್ತು ಮಾಡಿಕೊಳ್ಳಿ. ಎರಡೇ ವಾದ್ಯದಲ್ಲಿ ಮೂರು ಸಾಲು ಕೇಳಿಸುವುದು ಪುಕ್ಕಟೆ ಸಿಕ್ಕ ಸಂಪತ್ತು.

ಲಕ್ಷಣ: ಪ್ರತಿ ಸಲ ಅದೇ ಬಾರ್‌ನಲ್ಲಿ ಇಬ್ಬರೂ ಬೇರೆಯಾಗುತ್ತಾರೆ

ಬೇರೆ ಬೇರೆ ಕಡೆ ತಪ್ಪಿದರೆ ಅಭ್ಯಾಸ ಸಾಲದು ಎಂದರ್ಥ. ಅದೇ ಜಾಗದಲ್ಲಿ ಪದೇ ಪದೇ ತಪ್ಪಿದರೆ ತೊಂದರೆ ಬರಹದಲ್ಲಿದೆ.

ವಾದ್ಯ ಕೆಳಗಿಟ್ಟು ಇಬ್ಬರೂ ಆ ಲಯವನ್ನು ಚಪ್ಪಾಳೆಯಲ್ಲಿ ಹೊಡೆಯಲಿ. ಚಪ್ಪಾಳೆ ಕೂಡಿದರೆ ಲಯ ಸರಿಯಿದೆ, ಬೆರಳೋ ಉಸಿರೋ ಎಡವುತ್ತಿದೆ. ಚಪ್ಪಾಳೆಯೂ ತಪ್ಪಿದರೆ ಬೀಟ್ ಎಲ್ಲಿದೆ ಎಂದು ಕಾಗದದಲ್ಲಿ ಕಾಣಿಸುತ್ತಿಲ್ಲ. ಬೀಟ್ ದಾಟಿ ಹೋಗುವ ಉದ್ದ ಸ್ವರವನ್ನು ಎರಡಾಗಿ ಒಡೆದು ಟೈ (ಎರಡನ್ನೂ ಸೇರಿಸುವ ಬಾಗು ಗೆರೆ) ಹಾಕಿ. ಕಿವಿಗೆ ಒಂದೇ ಸ್ವರ, ಕಣ್ಣಿಗೆ ಬೀಟ್ ಸಿಗುತ್ತದೆ.

ಆಮೇಲೆ ಬಿಡಿ ಪ್ರತಿಗಳನ್ನು ಎತ್ತಿಟ್ಟು ಇಬ್ಬರಿಗೂ ಪೂರ್ತಿ ಸ್ಕೋರ್ ಕೊಡಿ. ಎರಡೇ ಸಾಲಿನ ಕೃತಿಗೆ ಇದು ಕಷ್ಟವಲ್ಲ, ಮತ್ತು ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ. ಇನ್ನೊಬ್ಬರು ಏನು ಮಾಡುತ್ತಿದ್ದಾರೆ ಎಂದು ಕಾಣುವಾಗ ಎಣಿಸುವ ಅಗತ್ಯವೇ ಕಡಿಮೆ. ಪುಟ ತಿರುಗಿಸುವ ಜಾಗದಲ್ಲಿ ಮಾತ್ರ ಇಬ್ಬರಿಗೂ ಕೈ ಬಿಡುವಿರಲಿ.

ದೀರ್ಘ ನಿಲುಗಡೆಯ ನಂತರ ಯಾರು ಮೊದಲು ಹೊರಡುತ್ತಾರೆ? ಇದನ್ನು ಬರೆಯಲೇಬೇಕು. ಮುನ್ನಡೆಸುವವರ ಸಾಲಿನ ಮೇಲೆ ಸಣ್ಣ ಬಾಣ ಸಾಕು. ಅವರಿಗೆ ತಲೆಯಾಡಿಸಿ ಸನ್ನೆ ಕೊಡಲು ಒಂದು ಬೀಟ್ ಬಿಡುವೂ ಬೇಕು. ಒಬ್ಬರಿಗೆ ಐದು, ಇನ್ನೊಬ್ಬರಿಗೆ ಏಳು ಎಂಬಂಥ ಲಯದ ಜಗಳ ನಿಮಗೆ ಬೇಕೇ ಬೇಕಾದರೆ, ಇಬ್ಬರೂ ಸಂಧಿಸುವ ಬೀಟ್‌ಗೆ ಚುಕ್ಕಿ ಗೀಟು ಎಳೆಯಿರಿ. ಇಯರ್‌ಫೋನ್‌ನಲ್ಲಿ ಮೆಟ್ರೊನೋಮ್‌ನ ಕ್ಲಿಕ್ ಕೇಳುತ್ತಾ ನುಡಿಸುವುದು ಕೊನೆಯ ದಾರಿ. ಇಬ್ಬರು ಒಬ್ಬರನ್ನೊಬ್ಬರು ಕೇಳುವ ಸಂಗೀತಕ್ಕೆ ಅದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲಕ್ಷಣ: ಸುಲಭದ ಸ್ವರಗಳು, ಆದರೂ ಬೆರಳು ತೊಡರುತ್ತದೆ

ಪಿಯಾನೊದಲ್ಲಿ ಸುಲಭವಾದದ್ದು ಇಲ್ಲಿ ಸುಲಭವಲ್ಲ. ಫ್ಲೂಟ್‌ನ ಅತಿ ಕೆಳಗಿನ ಸಿ, ಸಿ ಶಾರ್ಪ್, ಡಿ ಶಾರ್ಪ್ ಎಲ್ಲವೂ ಬಲಗೈ ಕಿರುಬೆರಳಿನವೇ. ಅವುಗಳ ನಡುವೆ ವೇಗದ ಟ್ರಿಲ್ (ಎರಡು ಸ್ವರಗಳನ್ನು ಬೇಗಬೇಗನೆ ಅದಲುಬದಲು ನುಡಿಸುವುದು) ಬರೆಯಬೇಡಿ. ಕ್ಲಾರಿನೆಟ್‌ನಲ್ಲಿ ಬರಹದ ಬಿ ಫ್ಲಾಟ್ ದಾಟಿ ಬಿ ಗೆ ಹೋಗುವಾಗ ಒಮ್ಮೆಲೇ ಅನೇಕ ಬೆರಳು ಮುಚ್ಚಬೇಕು. ಅಲ್ಲಿ ಹಿಂದೆ ಮುಂದೆ ಜಿಗಿಯುವ ಸಾಲು ಇದ್ದರೆ ತೊಡರುತ್ತದೆ. ಅರ್ಧ ಸ್ವರ ಮೇಲೆ ಅಥವಾ ಕೆಳಗೆ ಇಟ್ಟು ನೋಡಿ. ವೇಗದಲ್ಲಿ ಒಂದೊಂದು ಸ್ವರವನ್ನೂ ನಾಲಗೆಯಿಂದ ಕತ್ತರಿಸಬೇಕಾದರೆ ಅದನ್ನು ಫ್ಲೂಟ್‌ಗೆ ಕೊಡಿ. ಅಲ್ಲಿ ತು-ಕು ಎಂದು ಎರಡು ಪೆಟ್ಟು ಹಾಕುವುದು ಸಹಜ. ರೀಡ್ ಬಾಯೊಳಗಿದ್ದಾಗ ಅದು ಅಷ್ಟು ಸಲೀಸಲ್ಲ.

ಲಕ್ಷಣ: ಮಲ್ಟಿಫೋನಿಕ್, ಕಾಲು ಸ್ವರ, ಜಾರು ಸ್ವರ ಬರುತ್ತಿಲ್ಲ

ಮೊದಲು ವಾದ್ಯವನ್ನು ನೋಡಿ. ಬೆರಳಿಡುವ ಕೀಗಳ ನಟ್ಟನಡುವೆಯೇ ತೆರೆದ ರಂಧ್ರವಿರುವ ಫ್ಲೂಟ್‌ನಲ್ಲಿ ಬೆರಳು ಸರಿಸಿ ಸ್ವರ ಜಾರಿಸಬಹುದು. ಮುಚ್ಚಿದ ಕೀಗಳ ಫ್ಲೂಟ್‌ನಲ್ಲಿ ಹಾಗೆ ಆಗುವುದಿಲ್ಲ. ಮಿಡಲ್ ಸಿ ಕೆಳಗಿನ ಬಿ ಬೇಕಾದರೆ ಉದ್ದದ ಫುಟ್ ಜಾಯಿಂಟ್ (ಫ್ಲೂಟ್‌ನ ಕೊನೆಯ ತುಂಡು) ಇರಬೇಕು. ಇವೆರಡೂ ಒಂದು ಪ್ರಶ್ನೆ ಕೇಳಿದರೆ ತಿಳಿಯುವ ಸಂಗತಿ.

ಮಲ್ಟಿಫೋನಿಕ್, ಅಂದರೆ ಒಂದೇ ವಾದ್ಯದಲ್ಲಿ ಒಟ್ಟಿಗೆ ಹಲವು ಸ್ವರ ಬರಿಸುವುದು, ಇನ್ನೂ ಸೂಕ್ಷ್ಮ. ಒಂದು ಪುಸ್ತಕದ ಬೆರಳಿನ ನಕ್ಷೆ ಒಂದು ಕಂಪನಿಯ ವಾದ್ಯದಲ್ಲಿ ಬಂದು ಇನ್ನೊಂದರಲ್ಲಿ ಬರದಿರಬಹುದು. ರೀಡ್ ಬದಲಾದರೂ ಬದಲಾಗುತ್ತದೆ. ಕಾಗದದಲ್ಲಿ ಸ್ವರಗಳ ಜೊತೆ ಬೆರಳಿನ ನಕ್ಷೆಯನ್ನೂ ಕೊಡಿ. ದನಿ ಹುಟ್ಟಲು ಸಮಯ ಕೊಡಿ, ವೇಗದ ಸಾಲಿನ ಮಧ್ಯೆ ತುರುಕಬೇಡಿ. ಬರದೇ ಹೋದರೆ ನುಡಿಸಲು ಬದಲಿ ಸ್ವರವನ್ನೂ ಬರೆದಿಡಿ. ಇಷ್ಟಾದರೂ ಬರದಿದ್ದರೆ ನೀವೇ ಹುಡುಕುತ್ತಾ ಕೂರಬೇಡಿ. ವಾದಕರ ಜೊತೆ ಒಂದು ಗಂಟೆ ಕೂತು 'ನಿಮ್ಮ ವಾದ್ಯದಲ್ಲಿ ಚೆನ್ನಾಗಿ ಬರುವ ನಾಲ್ಕು ತೋರಿಸಿ' ಎಂದು ಕೇಳಿ, ದಾಖಲಿಸಿಕೊಂಡು ಅವುಗಳಿಂದಲೇ ಬರೆಯಿರಿ.

ರಿಹರ್ಸಲನ್ನು ಕೂಡಲೇ ನಿಲ್ಲಿಸಬೇಕಾದ ಗುರುತುಗಳು

ತಲೆ ಸುತ್ತುವುದು, ತುಟಿಯ ಸುತ್ತ ಜುಮ್ಮೆನ್ನುವುದು: ಅತಿಯಾಗಿ ಗಾಳಿ ಊದಿದಾಗ ಹೀಗಾಗುತ್ತದೆ. ಕೂರಿಸಿ, ಸಹಜವಾಗಿ ಉಸಿರಾಡಲಿ, ಆ ಸಾಲನ್ನು ಚಿಕ್ಕದು ಮಾಡಿ. ಮತ್ತೆ ಮತ್ತೆ ಆದರೆ ವೈದ್ಯರನ್ನು ಕಾಣಬೇಕು. ತುಟಿ, ದವಡೆ, ಹೆಬ್ಬೆರಳು, ಮಣಿಕಟ್ಟಿನಲ್ಲಿ ನೋವು ಬಂದರೆ 'ಇನ್ನೊಂದೇ ಸಲ' ಎನ್ನಬೇಡಿ. ಅತಿ ಎತ್ತರದ ಸ್ವರಗಳ ಜೋರು ಭಾಗವನ್ನು, ಮುಖ್ಯವಾಗಿ ಪಿಕೊಲೊ (ಪುಟ್ಟ ಫ್ಲೂಟ್) ಇದ್ದರೆ, ಸಣ್ಣ ಕೋಣೆಯಲ್ಲಿ ಪದೇ ಪದೇ ನುಡಿಸಬೇಡಿ. ಕಿವಿಯಲ್ಲಿ ಸದ್ದು ಉಳಿದುಕೊಂಡರೆ ಆ ದಿನದ ಅಭ್ಯಾಸ ಮುಗಿಯಿತು. ಆ ಸದ್ದು ಮರುದಿನವೂ ಇದ್ದರೆ ಕಿವಿಯ ವೈದ್ಯರಿಗೆ ತೋರಿಸಿ.

ವಾದ್ಯದ ವಿಷಯದಲ್ಲೂ ಎಚ್ಚರ ಬೇಕು. ತಣ್ಣಗಿನ ಮರದ ಕ್ಲಾರಿನೆಟ್, ಓಬೋಗಳಿಗೆ ಒಮ್ಮೆಲೇ ಬಿಸಿ ಉಸಿರು ಊದಿದರೆ ಮರ ಬಿರುಕು ಬಿಡಬಹುದು. ಕೀಗಳನ್ನು ಬಡಿದು ಸದ್ದು ಮಾಡುವ ತಂತ್ರವನ್ನು ಉದ್ದಕ್ಕೂ ಬಳಸಿದರೆ ರಂಧ್ರ ಮುಚ್ಚುವ ಪ್ಯಾಡ್‌ಗಳಿಗೆ ಪೆಟ್ಟು. ಒಂದೇ ಸ್ವರ ಎಲ್ಲ ಕೃತಿಗಳಲ್ಲೂ ಕೈಕೊಡುತ್ತಿದ್ದರೆ ಅದು ನಿಮ್ಮ ಸ್ಕೋರ್‌ನ ತೊಂದರೆಯಲ್ಲ, ವಾದ್ಯದಿಂದ ಗಾಳಿ ಸೋರುತ್ತಿರಬಹುದು. ಸ್ಕ್ರೂಗಳನ್ನು ನೀವು ತಿರುಗಿಸಬೇಡಿ, ರಿಪೇರಿ ಬಲ್ಲವರಿಗೆ ಕೊಡಿ.

ಲಕ್ಷಣ: ಎಲ್ಲವೂ ಸರಿಯಿದೆ, ಆದರೂ ಎರಡು ಸೋಲೊಗಳ ಹಾಗೆ ಕೇಳಿಸುತ್ತದೆ

ಇದು ಎಲ್ಲಕ್ಕಿಂತ ಕಷ್ಟದ್ದು. ಸ್ವರ ಬದಲಿಸುವ ಸಮಯ ಬಂದಿರುವುದು ಈಗ.

ಒಂದು ಸಾಲನ್ನು ಕಾಗದದಿಂದ ಮುಚ್ಚಿ ಇನ್ನೊಂದನ್ನು ಮಾತ್ರ ನುಡಿಸಲು ಹೇಳಿ. ಅದೊಂದೇ ಪೂರ್ತಿ ಕೃತಿಯ ಹಾಗೆ ಕೇಳಿಸಿದರೆ ತೊಂದರೆ ಸಿಕ್ಕಿತು. ಅದಕ್ಕೆ ಜೊತೆಗಾರರ ಅಗತ್ಯವೇ ಇಲ್ಲ. ಆ ಸಾಲಿನಿಂದ ಏನನ್ನಾದರೂ ತೆಗೆಯಿರಿ. ಒಂದು ವಾಕ್ಯದ ಕೊನೆಯನ್ನು ಇನ್ನೊಬ್ಬರಿಗೆ ಕೊಡಿ. ಒಂದೇ ರಾಗದ ಸ್ವರಗಳನ್ನು ಒಂದೊಂದಾಗಿ ಇಬ್ಬರಿಗೂ ಹಂಚಿ. ಇಬ್ಬರೂ ಒಂದೇ ಸಾಲು ನುಡಿಸುತ್ತಾ, ಒಬ್ಬರು ಸ್ವಲ್ಪ ತಡವಾಗಿ, ಸ್ವಲ್ಪ ಅಲಂಕರಿಸಿ ಬರಲಿ.

ಇನ್ನು ಉದ್ದ. ನಾಲ್ಕು ನಿಮಿಷದಲ್ಲಿ ಆರೇಳು ವಿಚಾರಗಳು ಬಂದು ಹೋಗುತ್ತಿದ್ದರೆ ಎರಡು ವಾದ್ಯಗಳು ಅವುಗಳ ಭಾರ ಹೊರಲಾರವು. ಎರಡನ್ನು ಉಳಿಸಿಕೊಳ್ಳಿ, ಉಳಿದವನ್ನು ಮುಂದಿನ ಕೃತಿಗೆ ಎತ್ತಿಡಿ. ಇಬ್ಬರೂ ಎಡೆಬಿಡದೆ ನುಡಿಸುವ ಬಾರ್‌ಗಳಿಗೆ ಬಣ್ಣ ಹಚ್ಚಿ ನೋಡಿ. ಪುಟವೆಲ್ಲ ಬಣ್ಣವಾದರೆ ಒಬ್ಬರೇ ಉಳಿಯುವ ಜಾಗಗಳನ್ನು ಕೊರೆಯಿರಿ.

ಇದನ್ನೆಲ್ಲ ಮಾಡಿಯೂ ಕೂಡದಿದ್ದರೆ ಸ್ಕೋರನ್ನು ಒಂದು ವಾರ ಮುಚ್ಚಿಡಿ. ಆಮೇಲೆ ಈ ಕೃತಿಯನ್ನು ಒಮ್ಮೆಯೂ ಕೇಳದ ಇಬ್ಬರು ವಾದಕರಿಗೆ ಕೊಟ್ಟು, ಏನೂ ವಿವರಿಸದೆ ಓದಿಸಿ. ಅವರು ಎಲ್ಲಿ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡುತ್ತಾರೋ ಆ ಬಾರ್‌ಗಳ ಸಂಖ್ಯೆ ಬರೆದುಕೊಂಡು, ಅಲ್ಲಿಂದ ತಿದ್ದಲು ಶುರು ಮಾಡಿ.